ಖರೆ ಐತಿ ಖರೆ

ಕರೋಶಿಯ ಸೋನಾಲಿಯ ಬಗ್ಗೆ ಊರಿನಲ್ಲಿ ಇದ್ದದ್ದು ಒಂದೇ ಮಾತು: ಜಕ್ಕಪ್ಪನ ಸೊಸೆ ಯಾರಿಗೂ ಎದುರಾಡಿದವಳಲ್ಲ. ಹೊಗಳಿಕೆಯೆಂದೇ ಹಾಗೆ ಹೇಳುತ್ತಿದ್ದರು. ಕೃಷ್ಣೆಯ ದಡದ ದಿಗ್ಗೇವಾಡಿಯಿಂದ ಮದುವೆಯಾಗಿ ಬಂದಾಗ ಅವಳು ಪಿಯುಸಿ ಪಾಸಾಗಿದ್ದಳು. ಅದಕ್ಕೇನಂತೆ? ಮಾವನ ಮುಂದೆ ಸೆರಗು ತಲೆಯಿಂದ ಇಳಿಯುತ್ತಿರಲಿಲ್ಲ, ಬಾಯಿಂದ ‘ಹೌದ್ರಿ’ ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ. ಗಂಡ ಮಾಳು ಕುರಿ ಮೇಯಿಸುತ್ತಿದ್ದ, ಅವಳು ಎಮ್ಮೆ, ಮನೆ, ಮಕ್ಕಳು ಎಲ್ಲ ನೋಡಿಕೊಳ್ಳುತ್ತಿದ್ದಳು. ‘ನಿನ್ನ ಅಭಿಪ್ರಾಯವೇನು’ ಎಂದು ಯಾರಾದರೂ ಕೇಳಿದ್ದರೆ, ಬೇರೆ ಯಾರನ್ನೋ ಕೇಳುತ್ತಿದ್ದಾರೆಂದು ಹಿಂದೆ ತಿರುಗಿ ನೋಡುತ್ತಿದ್ದಳೇನೋ.

ಮಕ್ಕಳು ತಾವೇ ಉಂಡು ತಾವೇ ಶಾಲೆಗೆ ಹೋಗುವಷ್ಟು ದೊಡ್ಡವರಾದ ಮೇಲೆ ಅವಳು ಆನ್‌ಲೈನ್ ಬಿಎಗೆ ಹೆಸರು ಹಚ್ಚಿದಳು. ಕಾಲೇಜು ಇದ್ದದ್ದು ದೂರದ ದಕ್ಷಿಣದ ಜಿಲ್ಲೆಯಲ್ಲಿ, ಪಾಠ ನಡೆಯುತ್ತಿದ್ದದ್ದು ಮೊಬೈಲಿನಲ್ಲಿ. ಒಂದೊಂದೇ ವಿಷಯ ಪಾಸು ಮಾಡುತ್ತ ಬಂದು ಕೊನೆಗೆ ಉಳಿದದ್ದು ಒಂದೇ ಕಡ್ಡಾಯ ವಿಷಯ, ವಿಮರ್ಶಾತ್ಮಕ ಚಿಂತನೆ. ಹೆಸರು ಕೇಳಿದ ಅತ್ತೆ ಲಗಮವ್ವ ಬಿದ್ದು ಬಿದ್ದು ನಕ್ಕಳು.

“ಚಿಂತಿ ಮಾಡಾಕ ಕಾಲೇಜ್ ಯಾಕ ಬೇಕವಾ? ಮನ್ಯಾಗ ಕುಂತ ನಾ ಕಲಸ್ತಿದ್ನಲ್ಲ!”

ಆ ವಿಷಯಕ್ಕೆ ಉದ್ದನೆಯ ನಿಯಮಾವಳಿಯಿತ್ತು. ಅಂಥದ್ದನ್ನು ಓದುವವರು ಯಾರು? ಎಲ್ಲರೂ ‘ಒಪ್ಪಿದ್ದೇನೆ’ ಎಂಬುದನ್ನು ಒತ್ತಿ ಮುಂದೆ ಹೋಗುತ್ತಾರೆ. ಸೋನಾಲಿ ಮಾತ್ರ ಎಮ್ಮೆಗೆ ಮೇವು ಹಾಕಿ, ಕಟ್ಟೆಯ ಮೇಲೆ ಕುಳಿತು, ಮೊದಲಿನಿಂದ ಕೊನೆಯವರೆಗೆ ಓದಿದಳು. ಪ್ರತಿ ವಾರ ಚರ್ಚಾ ಪುಟದಲ್ಲಿ ಸಹಪಾಠಿಗಳ ವಾದಕ್ಕೆ ಉತ್ತರ ಬರೆಯಬೇಕು. ಬರೀ ಹೌದು ಹೌದು ಎಂದರೆ ಅಂಕವಿಲ್ಲ, ನಿಲುವು ಇರಬೇಕು, ಕಾರಣ ಇರಬೇಕು. ಚರ್ಚೆಯ ಅಂಕ ಬಾರದವರು ಪರೀಕ್ಷೆ ಎಷ್ಟೇ ಚೆನ್ನಾಗಿ ಬರೆದರೂ ನಪಾಸು. ನಕಲು ಕೂಡದು, ಯಂತ್ರದಿಂದ ಬರೆಸಕೂಡದು, ಎಲ್ಲವೂ ‘ನಿಮ್ಮ ಸ್ವಂತ ಮಾತಿನಲ್ಲಿ’ ಇರಬೇಕು.

ಸ್ವಂತ ಮಾತು ಎಂದರೆ ಮನೆಯ ಮಾತು ತಾನೇ? ಸೋನಾಲಿ ಹಾಗೆಂದುಕೊಂಡಳು. ಪುಸ್ತಕದ ಕನ್ನಡ ಬದಿಗಿಟ್ಟು, ಬಾಯಲ್ಲಿ ಹೇಗೆ ಬರುತ್ತದೋ ಹಾಗೆಯೇ ಬರೆದಳು.

ಅಥಣಿಯಲ್ಲಿ ದ್ರಾಕ್ಷಿ ಬೆಳೆಯುವ ನೇಮಿನಾಥ ಅವಳ ಸಹಪಾಠಿ. ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸುವುದು ಹಳೆಯ ಪದ್ಧತಿ, ಚೀಲದ ಗೊಬ್ಬರ ಬಂದ ಮೇಲೆ ಅದು ಯಾವ ಹೊಲಕ್ಕೂ ಬೇಕಿಲ್ಲ ಎಂದು ಅವನು ಬರೆದಿದ್ದ. ಸೋನಾಲಿಗೆ ಮೈ ಉರಿಯಿತು. ಆದರೂ ಮರ್ಯಾದೆ ಬಿಡದೆ ಉತ್ತರಿಸಿದಳು: “ನೀವು ಹೇಳಿದ್ದು ಖರೆ ಐತಿ ಖರೆ, ನಿಮ್ಮ ಒಂದು ತ್ವಾಟ ನೋಡಿ ಎಲ್ಲಾ ಹೊಲಕ್ಕ ಹೇಳಾಕ ಬರೂದಿಲ್ಲ.” ಹಾಗೆ ಹೇಳಲು ಕಾರಣಗಳನ್ನೂ ಕೊಟ್ಟಿದ್ದಳು. ಉಳಿದ ವಾರಗಳ ಉತ್ತರಗಳೂ ಇದೇ ಧಾಟಿಯವು.

ಅಂಕ ಬಂತು. ಪರೀಕ್ಷೆಯಲ್ಲಿ ಪಾಸು, ಚರ್ಚೆಯ ಉತ್ತರಗಳಿಗೆಲ್ಲ ಸೊನ್ನೆ. ಕೆಳಗೆ ಪಾಠ ಮಾಡುವ ಮೇಡಂ ಬರೆದಿದ್ದರು: “ಖರೆ, ಖರೆ ಎಂದು ಒತ್ತಿ ಒತ್ತಿ ಒಪ್ಪುತ್ತೀರಿ, ಮರುಕ್ಷಣವೇ ಅದನ್ನು ಅಲ್ಲಗಳೆಯುತ್ತೀರಿ. ನಿಮಗೆ ನಿಲುವೇ ಇಲ್ಲ.”

ಮೇಡಂ ಕೆಟ್ಟವರಲ್ಲ, ಆ ದಕ್ಷಿಣದ ಕಡೆಯವರು, ಅಷ್ಟೇ. ಇಲ್ಲಿ ಚಿಕ್ಕೋಡಿಯ ಸುತ್ತಮುತ್ತ ‘ಖರೆ’ ಎಂದರೆ ನಿಜ. ಅದೇ ‘ಖರೆ’ ಮಾತಿನ ತುದಿಗೆ ಬಂದು ಕುಳಿತರೆ ‘ಆದರೆ’. ಇದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಅಲ್ಲಿಯವರಿಗೆ ಯಾರೂ ಹೇಳಿರಲಿಲ್ಲ.

“ಹೋಗ್ಲಿ ಬಿಡು, ಮುಂದಿನ ವರ್ಷ ಮತ್ತ ಕಟ್ಟಿದ್ರಾತು,” ಎಂದ ಮಾಳು. ಸೋನಾಲಿಯ ಬಾಯಿಗೆ ‘ಹೌದ್ರಿ’ ಬಂದೇಬಿಟ್ಟಿತ್ತು. ಅದನ್ನು ನುಂಗಿಕೊಂಡಳು. ಕೊಟ್ಟ ಅಂಕದ ಬಗ್ಗೆ ತಕರಾರಿದ್ದರೆ ವಿದ್ಯಾರ್ಥಿಯೇ ತರಗತಿಯ ಮುಂದೆ ಬಂದು ವಾದಿಸಬಹುದು ಎಂದು ನಿಯಮದಲ್ಲಿ ಓದಿದ್ದಳು. ಅದಕ್ಕೂ ಒಂದು ಕಟ್ಟಳೆಯಿತ್ತು: ಕ್ಯಾಮೆರಾದಲ್ಲಿ ಮುಖದ ಜೊತೆ ಎರಡೂ ಕಿವಿ ಕಾಣಬೇಕು, ಯಾರೂ ಒಳಗಿಂದ ಹೇಳಿಕೊಡುತ್ತಿಲ್ಲವೆಂದು ಖಾತ್ರಿಯಾಗಬೇಕು.

ಮೊಬೈಲಿಗೆ ರೇಂಜ್ ಸಿಗುತ್ತಿದ್ದದ್ದು ಅಂಗಳದಲ್ಲಿ. ಅಂಗಳದಲ್ಲಿ ಮಾವನ ಹೊರಸು, ಹೊರಸಿನ ಮೇಲೆ ಮಾವ. ಅವಳು ಮದುವೆಯಾಗಿ ಬಂದ ಮೇಲೆ ಜಕ್ಕಪ್ಪ ಸೊಸೆಯ ಕಿವಿ ಕಂಡವನಲ್ಲ.

ಆ ಮಧ್ಯಾಹ್ನ ಪರದೆಯ ಮೇಲೆ ಮೇಡಂ ಬಂದರು, ಸಹಪಾಠಿಗಳೂ ಬಂದರು. “ಕಿವಿ ಕಾಣುತ್ತಿಲ್ಲವಲ್ಲ,” ಎಂದರು ಮೇಡಂ. ಸೋನಾಲಿಯ ಕೈ ಸೆರಗಿನ ತನಕ ಹೋಗಿ ಅಲ್ಲೇ ನಿಂತಿತು. ಒಳಗಿಂದ ಬಿರಬಿರನೆ ಬಂದ ಲಗಮವ್ವ ತಾನೇ ಸೆರಗು ಸರಿಸಿ ಸೊಸೆಯ ಹೆಗಲ ಮೇಲೆ ಹಾಕಿದಳು.

“ಕಿವಿ ಮುಚ್ಕೊಂಡ ಹೆಂಗ ಜಗಳಾಡ್ತಿ? ಮಾತಾಡು!”

ಜಕ್ಕಪ್ಪ ಕೆಮ್ಮಿದ. ಎದ್ದು ಹೋಗಲಿಲ್ಲ.

ಸೋನಾಲಿ ತನ್ನ ಖರೆಯ ವಿಚಾರ ಬಿಡಿಸಿ ಹೇಳಿದಳು. ಮೇಡಂ ಸುಮ್ಮನೆ ಒಪ್ಪುವ ಪೈಕಿಯವರಲ್ಲ. “ನಿಮ್ಮ ಮಾತಿಗೆ ಆಧಾರ?” ಎಂದು ಕೇಳಿದರು.

“ನಾ ಯಾರಿಗೆ ಬರದೀನೋ ಅವರ್ನ ಕೇಳ್ರಿ. ನೇಮಿನಾಥ ಅವ್ರಿಗೆ ಅದು ಹೊಗಳಿದಂಗ ಅನಸ್ತೇನು?”

“ಎಲ್ಲಿ ಹೊಗಳಿಕಿರಿ!” ನೇಮಿನಾಥ ಪರದೆಯೊಳಗಿಂದ ಕೂಗಿದ. “ಓದಿ ಉರ್ಕೊಂಡೀನ್ರಿ ನಾನು. ನಾ ಬರದದ್ದನ್ನ ಪೂರಾ ತಗದ ಹಾಕ್ಯಾರ್ರಿ ಅವ್ರು.”

ತರಗತಿ ನಕ್ಕಿತು. ಮೇಡಂ ನಗುತ್ತಲೇ ಮತ್ತೊಂದು ಗಂಟು ಹಾಕಿದರು. ಚರ್ಚಾ ಪುಟ ಓದುವವರು ಅಥಣಿಯವರಷ್ಟೇ ಅಲ್ಲ, ಎಲ್ಲರಿಗೂ ತಿಳಿಯುವಂತೆ ಬರೆಯಬೇಕೆಂಬ ನಿಯಮವೂ ಇದೆ, ಹಾಗಾಗಿ ಸೊನ್ನೆ ಸರಿಯಲ್ಲವೇ ಎಂದರು.

“ಇಲ್ರಿ ಮೇಡಂ,” ಎಂದಳು ಸೋನಾಲಿ. ಆ ‘ಇಲ್ರಿ’ ಕೇಳಿ ಅವಳಿಗೇ ಗಾಬರಿಯಾಯಿತು, ಆದರೆ ನಿಲ್ಲಿಸಲಿಲ್ಲ. “ತಿಳಿಯೂವಂಗ ಬರೀಲಿಲ್ಲ, ಅದು ನಂದ ತಪ್ಪು. ಅದಕ್ಕ ಸ್ಪಷ್ಟತೆ ಅಂತ ಬ್ಯಾರೇನ ಅಂಕ ಅದಾವ, ಅವನ್ನ ಕಡೀರಿ. ನಿಲುವಿಲ್ಲ ಅಂತ ಅನಬ್ಯಾಡ್ರಿ. ನಿಲುವು ಐತಿ, ಕಾರಣಾನೂ ಕೊಟ್ಟೀನಿ.”

ಮೇಡಂ ತುಸು ಹೊತ್ತು ತಮ್ಮ ನಿಯಮಾವಳಿ ನೋಡಿದರು. ಆಮೇಲೆ ತಲೆ ಎತ್ತಿ, “ಸರಿ ಸೋನಾಲಿ, ಸ್ಪಷ್ಟತೆಯ ಅಂಕ ಕಡಿಯುತ್ತೇನೆ, ಉಳಿದದ್ದು ಕೊಡುತ್ತೇನೆ. ಈ ವಿಷಯದಲ್ಲಿ ನೀವು ಪಾಸು. ಈಗ ನೀವು ಮಾಡಿದಿರಲ್ಲ, ಇದನ್ನೇ ನಾನು ಕಲಿಸಲು ಹೆಣಗುತ್ತಿರುವುದು,” ಎಂದರು.

ಲಗಮವ್ವನಿಗೆ ಪಾಸು ಎಂಬುದೊಂದು ಅರ್ಥವಾಯಿತು, ಅಷ್ಟು ಸಾಕಾಯಿತು. ಸೊಸೆ ಕಾಲೇಜಿನ ಮೇಡಂ ಜೊತೆ ವಾದ ಮಾಡಿ ಗೆದ್ದಳೆಂದು ಅಕ್ಕಪಕ್ಕದ ನಾಲ್ಕು ಮನೆಗೆ ಹೋಗಿ ಹೇಳಿ ಬಂದಳು. ನಾನಾಗಿದ್ದರೂ ಹೇಳುತ್ತಿದ್ದೆ. ಹೆಮ್ಮೆಪಡುವ ಸಂಗತಿಗೆ ಹೆಮ್ಮೆಪಡದೆ ಇನ್ನೇನು?

ಸಂಜೆ ಊಟಕ್ಕೆ ಕುಳಿತಾಗ ಜಕ್ಕಪ್ಪ ಎಂದಿನಂತೆ ಮಗನಿಗೆ ಅಪ್ಪಣೆ ಕೊಟ್ಟ.

“ಬಾಳೂನ ಹೊಲದಾಗ ಕಬ್ಬು ಕಡದಾರ. ನಾಳಿ ಕುರಿ ಅಲ್ಲಿ ಬಿಡು.”

ರೊಟ್ಟಿ ಬಡಿಸುತ್ತಿದ್ದ ಸೋನಾಲಿ ಬುಟ್ಟಿ ಕೆಳಗಿಟ್ಟಳು. “ಇಲ್ರಿ ಮಾವಾರ, ಅಲ್ಲಿ ಬ್ಯಾಡ.”

ಮಾಳು ತುತ್ತು ಹಿಡಿದು ಹಾಗೆಯೇ ಕುಳಿತ. ಲಗಮವ್ವ ಒಲೆಯ ಮುಂದಿನಿಂದ ತಿರುಗಿದಳು.

“ಯಾಕ?” ಎಂದ ಜಕ್ಕಪ್ಪ.

“ಹ್ವಾದ ವರ್ಷ ಅಲ್ಲಿಂದ ಬಂದ ಮ್ಯಾಲ ಮರಿಗೋಳ ಹೊಟ್ಟಿ ಉಬ್ಬಿ ಸತ್ತು. ಅದರ ಹಿಂದಿನ ವರ್ಷಾನೂ ಹಂಗ ಆಗಿತ್ತು. ಅವ ಕಳೆಗೆ ಔಷಧ ಹೊಡೀತಾನ. ಅದ ಕಾರಣ ಅಂತ ಖಾತ್ರಿ ಹೇಳಾಕ ಬರೂದಿಲ್ರಿ. ಅವನ್ನ ಕೇಳಿ ಖಾತ್ರಿ ಮಾಡ್ಕೊಳ್ಳೂತನಕಾ ಬಿಡೂದು ಬ್ಯಾಡ.”

ಜಕ್ಕಪ್ಪ ಮುರಿದ ರೊಟ್ಟಿ ತಾಟಿನಲ್ಲಿಟ್ಟ. ಎರಡೂ ವರ್ಷ ದೇವರ ಕಾಟವೆಂದು ಕಾಯಿ ಒಡೆಸಿದವನು ಅವನೇ. ಈಗ ಮಗನಿಗೆ, “ಬಾಳೂನ್ನ ಕೇಳೂತನಕಾ ಕುರಿ ಅತ್ತಾಗ ಒಯ್ಯಬ್ಯಾಡ,” ಎಂದ. ಆಮೇಲೆ ಸೊಸೆಯ ಕಡೆ ನೋಡಿದ.

“ಇಷ್ಟು ದಿನ ಇದನ್ನ ಯಾಕ ಹೇಳಲಿಲ್ಲ ಯವ್ವಾ?”

“ಯಾರೂ ಕೇಳಿರಲಿಲ್ರಿ, ಮಾವಾರ.”