ಮಸ್ಕಿಗೆ ಹೋದ ಟೆಲಿಪ್ರಿಂಟರ್

ತಂತಿ ಕಚೇರಿಯ ನಿವೃತ್ತ ಮೆಕ್ಯಾನಿಕ್, ಲಿಂಗಸುಗೂರಿನ ದ್ಯಾವಪ್ಪನಿಗೆ ಟೆಲಿಪ್ರಿಂಟರುಗಳೆಂದರೆ ಪ್ರಾಣ. ದೂರದ ಸುದ್ದಿಯನ್ನು ತಾವೇ ಕಾಗದದ ಮೇಲೆ ಹೊಡೆಯುತ್ತಿದ್ದ ಆ ಹಳೆಯ ಯಂತ್ರಗಳನ್ನು ಗುಜರಿಯಿಂದ ತಂದು, ತುಕ್ಕು ತೆಗೆದು ಓಡಿಸುತ್ತಿದ್ದ. ಅಂಥದೊಂದನ್ನು ಮೊದಲ ಸಲ ಜನರಿಗೆ ತೋರಿಸಲು ಟಂಟಂ ಆಟೋದಲ್ಲಿ ಮಸ್ಕಿಯ ಶಾಲೆಯೊಂದರ ವಸ್ತುಪ್ರದರ್ಶನಕ್ಕೆ ಒಯ್ದ.

ಜನ ಸುತ್ತುಗಟ್ಟಿದರು. ಸ್ವಿಚ್ ಹಾಕಿ ಕೀಲಿಗಳನ್ನು ಒತ್ತಿದರೆ ಮೋಟರು ಗುಂಯ್‌ಗುಟ್ಟಿತೇ ಹೊರತು ಒಂದಕ್ಷರವೂ ಮೂಡಲಿಲ್ಲ. ದಾರಿಯ ಕುಲುಕಾಟಕ್ಕೆ ಒಳಗೇನೋ ಮುರಿದಿರಬೇಕೆಂದು ದ್ಯಾವಪ್ಪ ಸ್ಕ್ರೂಡ್ರೈವರಿಗಾಗಿ ಚೀಲ ತಡಕಾಡಿದ.

ಹೆಂಡತಿ ಯಮನೂರಮ್ಮ ಹತ್ತಿರ ಬಂದಳು. "ರೀ, ದಾರ್ಯಾಗ ಅಲುಗಾಡಬಾರ್ದಂತ ನಾನೇ ಒಳಗ ಅರಿವಿ ತುರುಕಿದ್ನಿ. ತಗದೀರೇನು?"

ಕೈ ಹಾಕಿ ಎಳೆದರೆ ಹಳೇ ಸೀರೆಯ ತುಂಡು ಬಂತು.

"ಮೊದ್ಲ ಹೇಳಬಾರ್ದೇನ? ಜೀವಾ ಹೋಗಿ ಬಂತು ನನಗ!" ಎನ್ನುತ್ತ ಕೀಲಿ ಒತ್ತಿದ. ಟಕಟಕನೆ ಅಕ್ಷರಗಳು ಮೂಡಿದವು. ದ್ಯಾವಪ್ಪ ಕುರ್ಚಿಯಲ್ಲಿ ಕುಸಿದು, ಅವಳು ಕೊಟ್ಟ ನೀರನ್ನು ಗಟಗಟನೆ ಕುಡಿದು ನಕ್ಕ.