ನಿಮ್ಮ ಮಾತು ತಿಳಿದವರು

ಇವತ್ತು ಬೆಳಿಗ್ಗೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಮೂವರಿದ್ದೆವು. ಬಾಗಿಲಲ್ಲಿ ತಕ್ಕಡಿ ಹಿಡಿದ ರದ್ದಿಯವನು, ಹಳೆಯ ಪೇಪರು ಹೊತ್ತು ತರುತ್ತಿದ್ದ ನಾನು, ಒಳಗೆ ನನ್ನ ತಂಗಿಯ ಮಗಳು ಅಕ್ಷತಾ. ಪೇಪರಿನ ನಡುವಿನಿಂದ ನೀಲಿ ರಟ್ಟಿನ ನೋಟ್‌ಬುಕ್ಕೊಂದು ಜಾರಿ ತಕ್ಕಡಿಗೆ ಬಿತ್ತು. ನಾನು ಅದನ್ನು ಎತ್ತಿಕೊಂಡೆ. ಇಷ್ಟು ತೆಳ್ಳಗಿನ ಪುಸ್ತಕಕ್ಕೆ ಮುದುಕನ ಆಸೆ ನೋಡು ಎಂದು ಅವನಿಗೆ ಅನಿಸಿರಬೇಕು. ಅದರಲ್ಲಿ ಬರೆದಿರುವುದು ಒಂದೇ ಸಾಲು. ಆ ಸಾಲಿನ ಸಂಗತಿಯನ್ನು ನಿಮ್ಮೊಡನೆ ಹೇಳದೆ ಇಟ್ಟುಕೊಂಡು ಹಲವು ತಿಂಗಳುಗಳಾದವು.

ಅಕ್ಷತಾ ಕಳೆದ ವರ್ಷ ನೌಕರಿ ಬಿಟ್ಟು ಒಂದು ಸ್ಟಾರ್ಟಪ್ ಶುರು ಮಾಡಿದಳು. ಕೆಲಸ ಇಷ್ಟೇ: ಆಸ್ಪತ್ರೆಗೆ ಒಬ್ಬರೇ ಹೋಗಲಾರದವರ ಜೊತೆ ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಡಾಕ್ಟರರ ಮಾತು ರೋಗಿಗೂ ರೋಗಿಯ ಮಾತು ಡಾಕ್ಟರರಿಗೂ ತಿಳಿಯುವಂತೆ ಮಾಡುವುದು. ಜಾಹೀರಾತು ನಮ್ಮಿಂದಾಗದು, ವಾರಕ್ಕೆರಡು ಸಲ ಬ್ಲಾಗ್ ಬರೆಯೋಣ ಎಂದಳು. ಹಿಂದಿ, ಮರಾಠಿಯದ್ದು ಅವಳ ಪಾಲಿಗೆ, ಕನ್ನಡದ್ದು ನನ್ನ ಪಾಲಿಗೆ. ಇಲ್ಲೇ ಹುಟ್ಟಿದ ಹುಡುಗಿ. ಮನೆಯ ತುಳು, ಕನ್ನಡ ಅವಳ ಕಿವಿಗೆ ಹೋಗುತ್ತದೆ, ಬಾಯಿಂದ ಹಿಂದಿಯಾಗಿ ಹೊರಬರುತ್ತದೆ. ನಾನೋ, ವರ್ತಕ ನಗರದ ಹೋಟೆಲೊಂದರ ಕೌಂಟರಿನಲ್ಲಿ ಕೂತು ತಲೆ ಹಣ್ಣು ಮಾಡಿಕೊಂಡವನು. ಕನ್ನಡ ಕಲಿತದ್ದು ಅಜ್ಜಿಯಿಂದ ಮತ್ತು ಆ ಹೋಟೆಲಿನ ಅಡುಗೆ ಭಟ್ಟರಿಂದ. ಇಬ್ಬರೂ ಒಂದು ಮಾತು ಹೇಳಲು ಹತ್ತು ಮಾತಾಡುವವರು.

ಆ ಗುಣ ಬ್ಲಾಗಿಗೂ ಇಳಿಯಿತು. ಆಸ್ಪತ್ರೆಗೆ ಯಾವ ಯಾವ ಕಾಗದ ಒಯ್ಯಬೇಕು ಎಂದು ಹೊರಟದ್ದು ಭಟ್ಟರ ಗೋಳಿಬಜೆಯಲ್ಲಿ ಹೋಗಿ ನಿಲ್ಲುತ್ತಿತ್ತು. ಎರಡು ತಿಂಗಳ ಫಲ ಹೇಳುತ್ತೇನೆ, ನಗಬೇಡಿ. ಓದಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅದರಲ್ಲೂ ನಾನೇ ಎಷ್ಟು ಸಲ ತೆರೆದು ನೋಡಿದ್ದೆನೋ. ಸೀವುಡ್ಸಿನವರೊಬ್ಬರು, ರಕ್ತಪರೀಕ್ಷೆಯ ಬಗ್ಗೆ ನಾನು ಬರೆದದ್ದನ್ನು ಓದಿ ಹಸಿವಾಯಿತು ಎಂದು ಕೆಳಗೆ ಬರೆದರು. ಇನ್ನೊಬ್ಬರು ಮದುವೆಯ ಕರೆಯೋಲೆ ಬರೆದುಕೊಡುತ್ತೀರಾ ಎಂದು ವಿಚಾರಿಸಿದರು. "ಮಾಮಾ, ಏಕ್ ತೋ ಪೇಶಂಟ್ ಲಾವೋ," ಒಬ್ಬ ರೋಗಿಯನ್ನಾದರೂ ತಾ ಎಂದು ಅಕ್ಷತಾ ಛೇಡಿಸುತ್ತಿದ್ದಳು. ಹಳೆಯ ಆಫೀಸಿನವರು ಅವಳನ್ನು ವಾಪಸ್ ಕರೆಯುತ್ತಿದ್ದರು. ಹೋಗೆಂದು ನನ್ನ ತಂಗಿಯೂ ದಿನಾ ಹೇಳುತ್ತಿದ್ದಳು.

ಪ್ರತಿ ಬರಹದ ಕೊನೆಗೆ ನಾನೊಂದು ವಾಕ್ಯ ಹಾಕುತ್ತಿದ್ದೆ, ಅದರ ಮೇಲೆ ನನಗೆ ಬಹಳ ಮೋಹ: ಕರೆ ಮಾಡಿ, ನಿಮ್ಮ ಮಾತು ತಿಳಿದವರು ಜೊತೆಗೆ ಬರುತ್ತಾರೆ. ಅದರ ಕೆಳಗೆ ಅಕ್ಷತಾಳ ನಂಬರು.

ಒಂದು ಶುಕ್ರವಾರ ಚಹಾದ ಹೊತ್ತಿಗೆ ಅವಳು ಈ ನೋಟ್‌ಬುಕ್ ತೋರಿಸಿದಳು. ಬ್ಲಾಗ್ ಓದಿ ಕೇಳಿದವರ ಹೆಸರು ಬರೆಯಲೆಂದೇ ತಂದದ್ದು. ಮೊದಲ ಸಾಲಿನಲ್ಲಿ ಮರಾಠಿಯಲ್ಲಿ ಹೀಗಿತ್ತು: ಟಿಟ್ವಾಳಾ, ಹೆಂಗಸು, ಮನೆಗೆಲಸಕ್ಕೆ ಜನ ಬೇಕು, ನಮ್ಮ ಕೆಲಸವಲ್ಲ.

"ತುಮ್ಹಾರಾ ಫಸ್ಟ್ ರಿಸಲ್ಟ್, ಮಾಮಾ. ಕಾಮ್‌ವಾಲಿ ಚಾಹಿಯೇ ಉನ್‌ಕೋ," ಎಂದು ನಗುತ್ತ, ಮೊಬೈಲಿಗೆ ಬಂದಿದ್ದ ಧ್ವನಿಯನ್ನು ನನಗೆ ಕೇಳಿಸಿದಳು.

"ಅಕ್ಕಾರ, ಟಿಟ್ವಾಳಾದಿಂದ ಮಾತಾಡಾಕತ್ತೀನ್ರಿ. ನಮ್ಮ ಮನಿಯವ್ರಿಗೆ ಮೂರ್ ದಿನಾತು, ಆರಾಮಿಲ್ರಿ. ನಿನ್ನಿತನಾ ಕೆಲಸಕ್ಕ ಹೋಗ್ಯಾರ. ನಿಮ್ಮ ಕಡಿಯವ್ರು ಯಾರರ ಬರ್ತಾರೇನ್ರಿ?"

ಕಲಬುರಗಿ ಕಡೆಯ ಹೆಂಗಸು. ಮನೆಯವರು ಎಂದರೆ ಅವಳ ಗಂಡ. ಆರಾಮಿಲ್ಲ ಎಂದರೆ ಕಾಯಿಲೆ. ಅಕ್ಷತಾಳಿಗೆ ಕೇಳಿಸಿದ್ದು ಹಿಂದಿಯ ಆರಾಮ್. ಮನೆಮಂದಿಗೆ ವಿಶ್ರಾಂತಿಯಿಲ್ಲ, ಎಲ್ಲರೂ ಕೆಲಸಕ್ಕೆ ಹೋಗುವವರು, ಯಾರನ್ನಾದರೂ ಕಳಿಸಿ ಎಂದು ಅವಳು ತಿಳಿದುಕೊಂಡಿದ್ದಳು. ಕರಾವಳಿಯವರಾದ ನಾವು ಹುಷಾರಿಲ್ಲ ಎನ್ನುತ್ತೇವೆ. ಅವಳು ಬೆಳೆದದ್ದು ಆ ಮಾತು ಕೇಳಿ.

"ಯಾವಾಗ ಬಂದದ್ದು ಇದು?" ಎಂದೆ.

"ಮಂಡೇ ಕೋ. ರಿಪ್ಲೈ ಭೀ ಕಿಯಾ ಮೈನೇ." ಈ ಸೇವೆ ನಮ್ಮಲ್ಲಿಲ್ಲ, ಕ್ಷಮಿಸಿ ಎಂದು ಹಿಂದಿಯಲ್ಲಿ, ತುಂಬ ಮರ್ಯಾದೆಯಿಂದ ಬರೆದು ಕಳಿಸಿದ್ದಳು.

ಅರ್ಥ ಹೇಳಿದೆ. ಅವಳು ಚಹಾದ ಕಪ್ ಇಡಲು ಮೇಜು ಹುಡುಕಿದಳು. ಮೇಜು ಅವಳ ಎದುರಿಗೇ ಇತ್ತು.

ಫೋನು ನಾನೇ ಮಾಡಿದೆ. ಆಕೆಯ ಹೆಸರು ಮಲ್ಲಮ್ಮ. ಯಜಮಾನರು ಹೇಗಿದ್ದಾರೆ ಎಂದು ಕೇಳಿದ್ದಕ್ಕೆ, "ಬುಧವಾರ ಹೋದ್ರಿ," ಎಂದರು.

"ಊರಿಗಾ?" ಎಂದುಬಿಟ್ಟೆ. ಕನ್ನಡ ಬಲ್ಲವನೆಂದು ಎರಡು ತಿಂಗಳಿಂದ ಬೀಗುತ್ತಿದ್ದವನು ನಾನು.

"ಇಲ್ರಿ," ಎಂದರು. "ಹೋದ್ರು."

ಅವತ್ತೇ ಟಿಟ್ವಾಳಾಕ್ಕೆ ಹೊರಟೆವು. ಸೋಮವಾರವೇ ಹೋಗಿದ್ದರೆ ಉಳಿಯುತ್ತಿದ್ದರಾ ಎಂದು ಅಕ್ಷತಾ ಟ್ರೇನಿನಲ್ಲಿ ಕೇಳಿದಳು. ಕಲ್ಯಾಣ ದಾಟಿತು, ನಾನು ಉಳಿದ ಸ್ಟೇಷನ್ನುಗಳನ್ನು ಎಣಿಸಿದೆ. ಕಟ್ಟುತ್ತಿದ್ದ ಬಿಲ್ಡಿಂಗೊಂದರ ಪಕ್ಕದ ತಗಡಿನ ಮನೆ. ಮಲ್ಲಮ್ಮ ಬೈಯಲಿಲ್ಲ. ಬೈದಿದ್ದರೆ ಕೂರುವುದು ಸುಲಭವಾಗುತ್ತಿತ್ತು. ಊರಲ್ಲಿರುವ ಅವರ ತಂಗಿ ನನ್ನ ಬರಹವನ್ನು ಫೋನಿನಲ್ಲೇ ಓದಿ ಹೇಳಿದ್ದಳಂತೆ, ಕೊನೆಯ ವಾಕ್ಯವನ್ನು ಎರಡು ಸಲ.

"ಅಕ್ಕಾರು ಏನೋ ಬರದು ಕಳಿಸಿದ್ರು," ಎಂದರು ಮಲ್ಲಮ್ಮ. "ನನಗ ಓದಾಕ ಬರಂಗಿಲ್ರಿ. ಬರ್ತೀವಿ ಅಂದಿರಬೇಕು ಅನ್ಕೊಂಡ್ವಿ. ಮಂಗಳವಾರ ಅವ್ರಿಗೆ ತೊಳದ ಅಂಗಿ ಹಾಕಿ ಬಾಗಿಲದಾಗ ಕುಂದರ್ಸಿದ್ದೆ. ದಿನ ಪೂರ್ತಿ ಕುಂತಿದ್ರು."

ಅಕ್ಷತಾಳಿಗೆ ಅಷ್ಟೂ ಅರ್ಥವಾಯಿತು. ನಾನು ಏನನ್ನೂ ತಿರುಗಿಸಿ ಹೇಳಬೇಕಾಗಲಿಲ್ಲ.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ, ಎಲ್ಲ ಬರಹಗಳಿಂದ ಆ ವಾಕ್ಯವನ್ನು ಅಳಿಸಿದ್ದು. ಕೆಳಗೆ ಅವಳ ನಂಬರು ಮಾತ್ರ ಉಳಿಯಿತು. ಆಮೇಲೆ ನಾನು ಬರೆಯಲಿಲ್ಲ. ಅಕ್ಷತಾ ಹಳೆಯ ಆಫೀಸಿಗೆ ಹೋಗಲಿಲ್ಲ. ನಗುವುದೂ ಕಡಿಮೆಯಾಯಿತು.

ರದ್ದಿಯವನು ತೂಕ ಮುಗಿಸಿ ಹೋದ ಮೇಲೆ ನೋಟ್‌ಬುಕ್ ಹಿಡಿದುಕೊಂಡು ಒಳಗೆ ಬಂದೆ. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಕಲ್ಯಾಣದಿಂದ ಯಾರೋ ಮುದುಕರು, ದೊಡ್ಡ ದನಿ, ನನಗೂ ಕೇಳುತ್ತಿತ್ತು. ಅಕ್ಷತಾ ನನ್ನ ಕಡೆ ನೋಡಿದಳು, ಆದರೆ ಫೋನು ನನಗೆ ಕೊಡಲಿಲ್ಲ.

"ಯಾರಿಗೆ ಆರಾಮಿಲ್ಲ, ಅಜ್ಜಾ?" ಎಂದು ಕೇಳಿದಳು. "ನಿಧಾನ ಹೇಳಿ. ಇನ್ನೊಂದು ಸಲ ಹೇಳಿ."

ಅಜ್ಜ ಇನ್ನೊಂದು ಸಲ ಹೇಳಿದರು. ಅವಳು ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಟಿಟ್ವಾಳಾದ ಸಾಲಿನ ಕೆಳಗೆ ಅವರ ವಿಳಾಸ ಬರೆದಳು. ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಹೋದಳು.