ಉಣ್ಣೆಯ ಕೆಳಗಿನ ಬೆನ್ನು

ಮೊನ್ನೆ ಚಿಕ್ಕೋಡಿ ಸಂತೆಯಲ್ಲಿ ಕಂಬಳಿ ಮಾರುವವನೊಬ್ಬ ತುಂತುರು ಮಳೆಗೆ ನೆಂದ ಕಂಬಳಿಗಳನ್ನು ಕೊಡವಿ ಹರವುತ್ತಿದ್ದ. ಹಸಿ ಉಣ್ಣೆಯ ಆ ಗಬ್ಬು ವಾಸನೆ ಮೂಗಿಗೆ ಬಡಿದದ್ದೇ ತಡ, ಮೆಂತ್ಯದ ಸೂಡು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ನಮ್ಮ ಚರ್ಚಿನ ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದ ಕುರಿ ಕಾಕಾನ ವಾಸನೆ ಅದು...

ಸ್ವಂತ ಕಾಕಾ ಅಲ್ಲ. ಅಕ್ಕೋಳದ ನಮ್ಮ ಓಣಿಯ ತುದಿಗೆ ಹಟ್ಟಿ ಹಾಕಿಕೊಂಡು ಮೂವತ್ತು ನಲವತ್ತು ಕುರಿ ಸಾಕಿಕೊಂಡಿದ್ದ. ಕುರಿ ಕಾಯುವ ಮನೆತನದವನು. ನಡುವಯಸ್ಸಿನಲ್ಲಿ ಯೇಸುವನ್ನು ನಂಬಿ ನಮ್ಮ ತಗಡಿನ ಚರ್ಚಿಗೆ ಬರತೊಡಗಿದ. ಓದು ಬಾರದು. ಹಾಡಿದರೆ ಎಲ್ಲರಿಗಿಂತ ಒಂದು ಸಾಲು ಹಿಂದೆ. ನಾನೋ ಸಂಡೇ ಸ್ಕೂಲ್ ಟೀಚರು! ಶುಕ್ರವಾರದ ಉಪವಾಸ, ನಸುಕಿನ ಪ್ರಾರ್ಥನೆ, ಬಾಯಿಪಾಠದ ವಾಕ್ಯಗಳು ಎಲ್ಲ ಇದ್ದವು. ಸಭೆಯಲ್ಲಿ ನಾನು ಪ್ರಾರ್ಥನೆಗೆ ನಿಂತರೆ ಮಕ್ಕಳು ಒಂದು ನಿದ್ದೆ ತೆಗೆಯುತ್ತಿದ್ದವು. ನನ್ನ ಆತ್ಮದ ಆರೋಗ್ಯದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಒಂದೇ ಒಂದು ವಿಷಯ... ನೆಗೆಣ್ಣಿಯ ಜೊತೆ, ಅಂದರೆ ನನ್ನ ಮೈದುನನ ಹೆಂಡತಿಯ ಜೊತೆ, ಮಾತು ಬಿಟ್ಟು ಎರಡು ವರ್ಷವಾಗಿತ್ತು. ನಮ್ಮಿಬ್ಬರ ಮನೆಗೆ ನಡುವೆ ಒಂದೇ ಗೋಡೆ. ಕ್ರಿಸ್‌ಮಸ್ ಕೂಟದಲ್ಲಿ ನಾನು ಕಲಿಸಿದ ಹಾಡನ್ನು ಮಕ್ಕಳು ತಪ್ಪಿದಾಗ ಅವಳು ಕಿಸಕ್ಕನೆ ನಕ್ಕಿದ್ದಳು. ಅಷ್ಟೇ, ಅಷ್ಟಕ್ಕೇ ಎರಡು ವರ್ಷ. ಅದನ್ನು ನಾನು ಪಾಪ ಎಂದುಕೊಂಡಿರಲಿಲ್ಲ, ಸ್ವಾಭಿಮಾನ ಎಂದುಕೊಂಡಿದ್ದೆ.

ಆ ವರ್ಷದ ಸುಗ್ಗಿ ಕಾಣಿಕೆಗೆ ಒಂದು ಕುರಿ ಕೊಡೋಣವೆಂದು ಕಾಕಾನ ಹಟ್ಟಿಗೆ ಹೋದೆ. ದೇವರಿಗೆ ಕೊಡುವುದು ಒಳ್ಳೆಯದೇ ಇರಲೆಂದು ಎಲ್ಲಕ್ಕಿಂತ ದುಂಡಗಿದ್ದ ಒಂದನ್ನು ತೋರಿಸಿದೆ. ಕಾಕಾ ನಕ್ಕು, ಅದರ ಬೆನ್ನಿನ ಮೇಲೆ ಕೈಯಿಟ್ಟು ಒತ್ತಲು ಹೇಳಿದ. ಉಣ್ಣೆಯೊಳಗೆ ಬೆರಳು ಇಳಿಸಿದರೆ ಬೆನ್ನೆಲುಬು ಗರಗಸದ ಹಾಗೆ ತಾಗಿತು! ಹಿಡಿಯಷ್ಟೂ ಮಾಂಸವಿರಲಿಲ್ಲ.

“ಉಣ್ಣಿ ನೋಡಿ ಮಂದಿ ಮೋಸ ಹೋಗತಾರವ್ವಾ. ಕೈ ಹಾಕೇ ನೋಡಬೇಕು,” ಎಂದ.

ಅವನ ಪದ್ಧತಿಯೇ ಅದು. ಬೆಳಿಗ್ಗೆ ಹಟ್ಟಿಯ ಬಾಯಿಗೆ ನಿಂತು, ಹೊರಬೀಳುವ ಒಂದೊಂದು ಕುರಿಯ ಬೆನ್ನನ್ನೂ ಮುಟ್ಟಿಯೇ ಮೇಯಲು ಬಿಡುತ್ತಿದ್ದ. ಮೂರು ತಿಂಗಳಿಗೊಮ್ಮೆ ಕರ್ತನ ಭೋಜನವಿದ್ದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿ ರಸ ಹಂಚಿಕೊಳ್ಳುವ, ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಒಬ್ಬನೇ ಕೂತಿರುತ್ತಿದ್ದ. ಯಾಕೆಂದು ಒಮ್ಮೆ ಕೇಳಿದೆ.

“ನನ್ನ ಬೆನ್ನಿಗೆ ನನ್ನ ಕೈ ಮುಟ್ಟೂದಿಲ್ಲ ನೋಡವ್ವಾ. ಅದಕ್ಕ ದೇವರಿಗೆ ಹೇಳತೀನಿ, ನೀನ ಒಮ್ಮಿ ಕೈ ಹಾಕಿ ನೋಡಪಾ ಅಂತ.”

ಒಳ್ಳೇ ಉದಾಹರಣೆ ಸಿಕ್ಕಿತೆಂದು ಮರುವಾರ ಅದನ್ನು ಮಕ್ಕಳಿಗೆ ಪಾಠ ಮಾಡಿದೆ. ನನಗೂ ಒಂದು ಬೆನ್ನಿದೆಯೆಂಬುದು ಮಾತ್ರ ಹೊಳೆಯಲಿಲ್ಲ.

ಅದಾದ ಮುಂದಿನ ಭೋಜನದ ದಿನ ರೊಟ್ಟಿಯ ತಟ್ಟೆ ಹಿಂದಿನ ಸಾಲಿಗೆ ಹೋದಾಗ ಕಾಕಾ ಮುಟ್ಟಲಿಲ್ಲ. ಪಕ್ಕದವನಿಗೆ ದಾಟಿಸಿದ. ಯಾರಿಗಾದರೂ ತಪ್ಪು ಮಾಡಿದ್ದರೆ ಅದನ್ನು ಸರಿಪಡಿಸಿಕೊಳ್ಳದೆ ಆ ರೊಟ್ಟಿ ಮುಟ್ಟಬಾರದೆಂಬುದು ನಮ್ಮಲ್ಲಿನ ನಿಯಮ. ಅಥಣಿ ಕಡೆಯ ದ್ರಾಕ್ಷಿ ಕುದಿಸಿ ಸೋಸಿದ ರಸದ ಬಟ್ಟಲನ್ನೂ ಹಾಗೆಯೇ ದಾಟಿಸಿದ. ಮುದುಕ ಏನು ಮಾಡಿಕೊಂಡಿದ್ದಾನೋ ಎಂದು ಪಿಸುಪಿಸು ಶುರುವಾಯಿತು. ನಾನು ರೊಟ್ಟಿ ತಿಂದು, ರಸ ಕುಡಿದು, ಕಣ್ಣು ಮುಚ್ಚಿ, ದಾರಿ ತಪ್ಪಿದ ಕಾಕಾನಿಗಾಗಿ ಪ್ರಾರ್ಥಿಸಿದೆ!

ಆ ಸಂಜೆಯೇ ಅವನು ನಮ್ಮ ಬಾಗಿಲಿಗೆ ಬಂದ. ರುಮಾಲು ಕೈಯಲ್ಲಿತ್ತು.

“ಟೀಚರವ್ವಾ, ನಿನ್ನ ಹಿಂದ ಒಂದ್ ಮಾತ ಆಡೀನಿ. ಆಕಿ ಪ್ರಾರ್ಥನಾ ಬರೇ ಉಣ್ಣಿ ಅಂದೀನಿ. ಹೇಳೂದಿದ್ರ ನಿನ್ನ ಮುಂದ ಹೇಳಬೇಕಿತ್ತು. ತಪ್ಪಾತು, ಮಾಫ್ ಮಾಡು.”

ಮೈಯೆಲ್ಲ ಉರಿದುಹೋಯಿತು. “ಆತು ಕಾಕಾ, ಕ್ಷಮಿಸೀನಿ,” ಎಂದು ತುಟಿಯಲ್ಲಿ ಹೇಳಿ ಬಾಗಿಲು ಹಾಕಿಕೊಂಡೆ. ಅಲ್ಲಿಗೆ ನಾನು ಮಾತು ಬಿಟ್ಟವರು ಇಬ್ಬರಾದರು. ಪ್ರತಿ ಭಾನುವಾರ ಕಾಕಾ ಕೈ ಮುಗಿಯುತ್ತಿದ್ದ, ನಾನು ಜಮಖಾನೆ ಸರಿಪಡಿಸುವ ನೆಪ ಮಾಡಿ ತಿರುಗಿಬಿಡುತ್ತಿದ್ದೆ. ಆದರೂ ತಟ್ಟೆ ಬಂದರೆ ಕೈ ಚಾಚುತ್ತಿದ್ದೆ. ಬಿಟ್ಟರೆ ಜನ ಏನೆಂದಾರು?

ಆ ಬೇಸಿಗೆ ಕುರಿ ಹೊಡೆದುಕೊಂಡು ಅಂಕಲಿ ಕಡೆ ಹೊಳೆದಂಡೆಗೆ ಹೋದ ಕಾಕಾ ಅಲ್ಲಿಯೇ ತೀರಿಕೊಂಡ. ಸುದ್ದಿ ನಮಗೆ ಮುಟ್ಟಿದ್ದು ಮಣ್ಣಾದ ಮೇಲೆ. ಅಂದಿನಿಂದ ಆರು ವರ್ಷ ಕಳೆದಿವೆ...

ಸಂತೆಯಿಂದ ಬಂದ ಮೇಲೆ ನನಗೆ ಸಮಾಧಾನವಿರಲಿಲ್ಲ. ಆ ಭಾನುವಾರವೇ ಭೋಜನವಿತ್ತು. ತಟ್ಟೆ ಬಂತು. ಮುಟ್ಟದೆ ಪಕ್ಕಕ್ಕೆ ದಾಟಿಸಿದೆ. ಹಿಂದೆ ಪಿಸುಮಾತು ಕೇಳಿತು. ಕೇಳಲಿ ಎಂದುಕೊಂಡೆ. ಮನೆಗೆ ಬಂದವಳೇ ನೆಗೆಣ್ಣಿಯ ಬಾಗಿಲು ಬಡಿದೆ. ನನ್ನ ತಪ್ಪು, ಕಾಕಾ ಬಂದು ಹೇಳಿದ ಮಾತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಹಿಟ್ಟು ಮೆತ್ತಿದ ಕೈಯಲ್ಲೇ ನಿಂತು ಕೇಳಿದಳು.

“ಕಾಕಾ ಅದನ್ನ ಅಂದಿದ್ದು ನನ್ನ ಮುಂದನ ಅಕ್ಕಾ,” ಎಂದಳು. “ನಾ ಖುಷಿಯಾಗಿ ನಕ್ಕಿದ್ದೆ. ನಗಬ್ಯಾಡ, ನಿಂದೂ ಅಷ್ಟ ಐತಿ ಅಂದಿದ್ದ.”

ಎಂಟು ವರ್ಷದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು, ನಗುತ್ತಲೇ ಅತ್ತೆವು. ಅವಳು ನನ್ನನ್ನು ಒಳಗೆ ಕರೆದು ಕೂರಿಸಿ ರೊಟ್ಟಿ ಬಡಿಸಿದಳು. ತಿನ್ನುವಾಗ ದುಃಖ ಒತ್ತಿ ಬಂತು. ಅವತ್ತು ಬಾಗಿಲಲ್ಲಿ ನಿಂತು ಕಾಕಾ ಕ್ಷಮೆ ಕೇಳಿದ, ನಾನು ಕೊಡಲಿಲ್ಲ. ಇವತ್ತು ನಾನು ಕೇಳಬೇಕು, ಕೊಡಲು ಅವನಿಲ್ಲ.